ಹೋದವರ ಸರದಿ

ಆ ಕ್ಲಿನಿಕ್ಕಿನ ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುತ್ತಿದ್ದುದು ಡಾಕ್ಟರಮ್ಮನ ಹೆಸರಲ್ಲ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದ ಇನ್ನೊಂದು ಫಲಕ: 'ಸರದಿ ವಿಭಾಗ. ಮುಖ್ಯಸ್ಥರನ್ನು ಕಾಣಿರಿ.' ವಿಭಾಗವೆಂದರೆ ಒಂದು ಮೇಜು, ಕಾಲು ಕುಂಟುವ ಕುರ್ಚಿ ಮತ್ತು ಕಪ್ಪು ಫೋನು. ಮುಖ್ಯಸ್ಥರೆಂದರೆ ಆ ಕುರ್ಚಿಯ ಮೇಲೆ ಬೀಳದಂತೆ ಕೂತಿರುತ್ತಿದ್ದವರು. ವಿಭಾಗದಲ್ಲಿ ಬೇರೆ ನರಪಿಳ್ಳೆಯೂ ಇಲ್ಲದ್ದರಿಂದ ಮುಖ್ಯಸ್ಥರ ಹುದ್ದೆಗೆ ಪೈಪೋಟಿ ಇರಲಿಲ್ಲ.

"ಅಪಾಯಿಂಟ್‌ಮೆಂಟ್ ಬರ್ಕೊಳ್ಳೋ ಕೆಲಸಕ್ಕೆ ವಿಭಾಗ ಯಾಕೆ?" ಎಂದು ಡಾಕ್ಟರಮ್ಮ ಕೇಳಿದ್ದರು.

"ಬರ್ಕೊಳ್ಳೋದು ಗುಮಾಸ್ತನ ಕೆಲಸ ಡಾಕ್ಟರಮ್ಮ. ಯಾರು ಮೊದಲು, ಯಾರು ಆಮೇಲೆ ಅಂತ ತೀರ್ಮಾನ ಮಾಡೋದು ಆಡಳಿತ."

ಹೊರಗೆ ಜ್ವರ, ಕೆಮ್ಮು, ವಾಂತಿಗಳು ಸಾಲುಗಟ್ಟಿ ಕೂತಿದ್ದವು. ಡಾಕ್ಟರಮ್ಮ ಆಡಳಿತವನ್ನು ಅವರಿಗೇ ಬಿಟ್ಟು ಒಳಗೆ ಹೋದರು. ಅಂದಿನಿಂದ ಆ ಮುಖ್ಯಸ್ಥರು ಸರದಿ ಸಾಹೇಬರಾದರು. ಮೊದಲು ಹಾಗೆ ಕರೆದವಳು ನರ್ಸು, ಅದೂ ಕುಹಕಕ್ಕೆ. ಆದರೆ ಕುಹಕ ಸಾಹೇಬರ ಕಿವಿಗೆ ಹೋಗುತ್ತಿರಲಿಲ್ಲ, 'ಸಾಹೇಬ' ಎಂಬ ಮೂರಕ್ಷರ ಮಾತ್ರ ಹೋಗುತ್ತಿತ್ತು. ನಾವೂ ಹಾಗೇ ಕರೆಯೋಣ, ನಮ್ಮ ಗಂಟೇನು ಹೋಗುತ್ತದೆ!

ವಾರದ ಉಳಿದ ದಿನಗಳಲ್ಲಿ ಸಾಹೇಬರ ಆಡಳಿತ ಹೇಗೋ ನಡೆಯುತ್ತಿತ್ತು. ಕಷ್ಟವಿದ್ದದ್ದು ತಿಂಗಳಿಗೊಮ್ಮೆ ಬರುವ ಹೃದಯದ ಡಾಕ್ಟರ ದಿನ. ಆ ದೊಡ್ಡ ಡಾಕ್ಟರು ಬೆಳಗಿನ ರೈಲಿಗೆ ಬಂದು, ಡಾಕ್ಟರಮ್ಮನ ಕೋಣೆಯಲ್ಲಿ ಕೂತು, ಬೆರಳೆಣಿಕೆಯ ಜನರನ್ನು ನೋಡಿ, ಸಂಜೆಯ ರೈಲಿಗೆ ವಾಪಸು. ರೈಲು ಯಾರಿಗೂ ಕಾಯುವುದಿಲ್ಲವಾದ್ದರಿಂದ ಹೃದಯಗಳೇ ಕಾಯಬೇಕಿತ್ತು. ಕಾಯುತ್ತಿದ್ದ ಹೃದಯಗಳಲ್ಲಿ ಒಂದು ಸಾಹೇಬರ ಮನೆಯಲ್ಲೇ ಇತ್ತು.

ಅವರ ಹೆಂಡತಿಗೆ ಕೆಲವು ತಿಂಗಳಿಂದ ಏದುಸಿರು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ಬಟ್ಟೆ ಹಿಂಡುತ್ತಾ ಹಿಂಡುತ್ತಾ ಬಕೆಟ್ಟಿನ ಪಕ್ಕದಲ್ಲೇ ಕೂತುಬಿಡಬೇಕು. ಡಾಕ್ಟರಮ್ಮ ಒಮ್ಮೆ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ಇನ್ನೊಮ್ಮೆ ಕೇಳಿ, "ಹೃದಯದ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ" ಎಂದಿದ್ದರು. ಸರದಿ ಹಂಚುವವರೇ ಗಂಡ. ಊಟ ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಎಂದು ನೀವು ಅನ್ನಬಹುದು. ನಿಮಗೆ ಸಾಹೇಬರು ಗೊತ್ತಿಲ್ಲ.

ಮೊದಲ ತಿಂಗಳು ಹೆಂಡತಿಯ ಹೆಸರನ್ನು ಸಾಹೇಬರು ಬರೆದೇ ಬಿಟ್ಟಿದ್ದರು. ದೊಡ್ಡ ಡಾಕ್ಟರು ಬರುವ ಹಿಂದಿನ ದಿನ ನೀರಿನ ಆಫೀಸಿನ ಅಧಿಕಾರಿ ಬಂದರು. ಎದೆ ಉರಿಯುತ್ತಿದೆ ಎಂದರು. ಅದಕ್ಕಿಂತ ಹೆಚ್ಚಾಗಿ, "ಸಾಹೇಬರೇ, ನಿಮ್ಮ ಕೈಯಲ್ಲಿದೆ" ಎಂದರು. ಅಲ್ಲಿಗೆ ಸಾಹೇಬರು ಕರಗಿ ನೀರಾದರು.

"ಅವರು ಅಧಿಕಾರಿ ಕಣೇ, ಬಾಯಿ ಬಿಟ್ಟು ಕೇಳಿದ್ರು," ಎಂದು ಮನೆಯಲ್ಲಿ ಹೇಳಿದರು. "ನೀನು ಮನೆಯವಳು. ನೀನೆಲ್ಲಿ ಹೋಗ್ತೀಯ?"

ಅಧಿಕಾರಿಯ ಎದೆಯುರಿ ಬರೀ ಹೊಟ್ಟೆಯ ವಾಯು ಎಂದು ಆಮೇಲೆ ತಿಳಿಯಿತು. ಎರಡನೆಯ ತಿಂಗಳು ಪಕ್ಕದ ಮನೆಯ ಟೈಲರು ತನ್ನ ಅತ್ತೆಯನ್ನು ಕರೆತಂದ. ಮೂರನೆಯ ತಿಂಗಳು ಯಾರೋ ಗುರುತಿಲ್ಲದ ಮನುಷ್ಯ ಬಂದು, ಬಾಗಿಲಲ್ಲೇ ನಿಂತು, ಫಲಕವನ್ನು ಗಟ್ಟಿಯಾಗಿ ಓದಿ, "ಮುಖ್ಯಸ್ಥರು ತಾವೇನಾ?" ಎಂದ. ಅಷ್ಟೇ ಸಾಕಾಯಿತು. ಪ್ರತಿ ಸಲವೂ ಮನೆಯಲ್ಲಿ ಅದೇ ಮಾತು: "ನೀನೆಲ್ಲಿ ಹೋಗ್ತೀಯ?"

"ಬೇರೆ ಕಡೆ ತೋರಿಸೋಣವಾ ಹಾಗಾದ್ರೆ? ನನ್ನ ತಂಗಿ ಊರಲ್ಲಿ ದೊಡ್ಡಾಸ್ಪತ್ರೆ ಇದೆ," ಎಂದು ಹೆಂಡತಿ ಒಮ್ಮೆ ಕೇಳಿದಳು.

"ನಮ್ಮದೇ ವಿಭಾಗ ಇಟ್ಕೊಂಡು ಬೇರೆ ಕಡೆ ಹೋದ್ರೆ ಜನ ಏನಂದಾರು?"

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ಹೆಂಡತಿ ಮತ್ತೆ ಕೇಳಲಿಲ್ಲ. ಅವಳು ಹಟ ಹಿಡಿಯುತ್ತಿದ್ದುದು ಒಂದೇ ಒಂದು ವಿಷಯಕ್ಕೆ. ಸಾಹೇಬರು ಬೆಳಿಗ್ಗೆ ಅವಸರದಲ್ಲಿ ಚಪ್ಪಲಿ ಮೆಟ್ಟುತ್ತಾ "ಹೋಗ್ತೀನಿ ಕಣೇ" ಎಂದುಬಿಡುತ್ತಿದ್ದರು. ಅವಳು ಒಳಗಿನಿಂದಲೇ ಏದುಸಿರು ಬಿಡುತ್ತಾ ಬಂದು, "ಹೋಗ್ತೀನಿ ಅನ್ನಬೇಡಿ ಅಂತ ಎಷ್ಟು ಸಲ ಹೇಳೋದು? ಬರ್ತೀನಿ ಅನ್ನಿ" ಎನ್ನುತ್ತಿದ್ದಳು. "ಹೂಂ, ಬರ್ತೀನಿ" ಎಂದ ಮೇಲೆಯೇ ಬಾಗಿಲು ಬಿಡುತ್ತಿದ್ದಳು.

ನಾಲ್ಕನೆಯ ತಿಂಗಳಿಗೆ ಡಾಕ್ಟರಮ್ಮ ಹೊಸ ನಿಯಮ ತಂದರು. ಹೃದಯದ ಡಾಕ್ಟರ ದಿನಕ್ಕೆ ಹೆಸರು ಬರೆಸಿದ ಕೆಲವರು ಬರದೇ ಇದ್ದು ಹೊತ್ತು ಹಾಳಾಗುತ್ತಿತ್ತು. "ಹಿಂದಿನ ದಿನ ಎಲ್ಲರ ಮನೆಗೂ ಫೋನ್ ಮಾಡಿ, ಬರ್ತಾರೋ ಇಲ್ವೋ ಕೇಳಿ," ಎಂದರು. ಆಡಳಿತ ವಿಸ್ತಾರವಾಯಿತೆಂದು ಸಾಹೇಬರು ಹಿಗ್ಗಿದರು. ಗಂಟಲು ಸರಿಮಾಡಿಕೊಂಡು, ಕೊನೆಯ ಸರದಿಯ ಕಂಡಕ್ಟರ್ ಅಜ್ಜನ ಮನೆಗೆ ಫೋನು ತಿರುಗಿಸಿದರು. ಈ ಅಜ್ಜ ಮಾರ್ಕೆಟ್ ರೂಟಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದವರು. ಫೋನು ಎತ್ತಿದ್ದು ಸೊಸೆ.

'ಕ್ಲಿನಿಕ್ಕಿನಿಂದ' ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಾಹೇಬರು ಹೇಳಿದ್ದು, "ಹಲೋ, ಸರದಿ ವಿಭಾಗದ ಮುಖ್ಯಸ್ಥರು ಮಾತಾಡ್ತಿರೋದು. ಮನೇಲಿ ಹಿರಿಯರು ಇದ್ದಾರಾ?"

ಯಾವ ವಿಭಾಗವೋ ಏನೋ, ಸೊಸೆಗೆ ಅರ್ಥವಾಗಲಿಲ್ಲ. "ಮಾವನವರಾ? ಅವರು ಹೋಗಿಬಿಟ್ರಲ್ಲ," ಎಂದಳು.

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. "ಅಯ್ಯೋ! ಯಾವಾಗಮ್ಮ?"

"ಬೆಳಿಗ್ಗೆ. ಟೀ ಕುಡಿದೋರೇ ಹೊರಟುಬಿಟ್ರು."

"ಯಾರಿಗೂ ತೊಂದರೆ ಕೊಡಲಿಲ್ಲ ಅನ್ನಿ."

"ಇನ್ನೊಂದೆರಡು ದಿನ ಇರಿ ಮಾವ ಅಂದೆ. ಕೇಳಬೇಕಲ್ಲ!"

"ಅದು ನಮ್ಮ ಕೈಲಿದೆಯೇನಮ್ಮ? ಕರೆ ಬಂದ ಮೇಲೆ ಮುಗೀತು."

"ಹೌದು ನೋಡಿ, ನಿನ್ನೆ ಸಂಜೆನೇ ಕರೆ ಬಂದಿತ್ತು. ಬಂದಿದ್ದೇ ತಡ, ಬಟ್ಟೆಬರೆ ಎಲ್ಲ ಮಡಿಸಿಟ್ಟುಕೊಂಡು ರೆಡಿಯಾಗಿ ಕೂತುಬಿಟ್ಟಿದ್ರು."

"ಮೊದಲೇ ಗೊತ್ತಾಗಿತ್ತು! ಪುಣ್ಯಾತ್ಮರು!" ಸಾಹೇಬರಿಗೆ ಮೈ ಜುಮ್ಮೆಂದಿತು. "ಆ ಹೊತ್ತಿಗೆ ಮಗ ಹತ್ತಿರ ಇದ್ರಾ?"

"ಇವರೆಲ್ಲಿ! ಕೆಲಸಕ್ಕೆ ಹೋಗಿದ್ರು. ನಾನೊಬ್ಬಳೇ. ಗೇಟಿನ ತನಕ ಬಿಟ್ಟು ಬಂದೆ."

'ಗೇಟಿನ ತನಕ' ಎಂಬ ಮಾತಿಗೆ ಸಾಹೇಬರ ಕಣ್ಣು ತುಂಬಿತು. ಎಷ್ಟು ಚೆನ್ನಾಗಿ ಹೇಳುತ್ತಾಳೆ ಹುಡುಗಿ! "ಧೈರ್ಯ ತಂದ್ಕೊಳ್ಳಮ್ಮ. ಇವತ್ತಲ್ಲ ನಾಳೆ ನಾವೆಲ್ಲ ಅಲ್ಲಿಗೇ ಹೋಗೋರು."

"ನಾನಂತೂ ಹೋಗಲ್ಲಪ್ಪ," ಎಂದಳು ಸೊಸೆ ಖಡಾಖಂಡಿತವಾಗಿ. "ನನಗೂ ಆಯಮ್ಮಂಗೂ ಮೊದಲಿಂದ ಆಗಿಬರಲ್ಲ."

ಅಜ್ಜ ಹೋದದ್ದು ಮಗಳ ಮನೆಗೆ. ಆಯಮ್ಮ ಎಂದರೆ ಆ ಮಗಳು, ಸೊಸೆಯ ನಾದಿನಿ. ಸಾಹೇಬರು ಅದನ್ನು ಮೇಲಿರುವ ಅತ್ತೆಯೆಂದು ತಿಳಿದು, ದುಃಖಕ್ಕೆ ಪಾಪ ಬುದ್ಧಿ ಕಲಕಿದೆ ಎಂದುಕೊಂಡು ಮೆಲ್ಲಗೆ ಫೋನು ಇಟ್ಟರು. ಅವರನ್ನು ಪೂರ್ತಿ ಬಯ್ಯುವಂತಿಲ್ಲ. ನಮ್ಮ ಮಾತಿನಲ್ಲಿ ಮರ್ಯಾದಸ್ಥರು ಯಾರೂ ಸಾಯುವುದಿಲ್ಲ, ಹೋಗುತ್ತಾರೆ. ಸಂತೆಗೆ ಹೋಗುವವರೂ ಹೋಗುತ್ತಾರೆ. ಯಾರು ಎಲ್ಲಿಗೆ ಹೋದರೆಂಬುದು ಅಡ್ಡಗೋಡೆಯ ಮೇಲಿಟ್ಟ ದೀಪ.

ಸಾಹೇಬರ ದುಃಖ ನಿಜವಾದದ್ದು. ಅಷ್ಟೇ ನಿಜವಾದದ್ದು ಆಮೇಲೆ ಬಂದ ಯೋಚನೆ: ಕೊನೆಯ ಸರದಿ ಖಾಲಿಯಾಗಿದೆ, ಮತ್ತು ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಯಾರಾದರೂ ಬಂದು ಸಾಹೇಬರೇ ಎನ್ನುವ ಮೊದಲು ಓಡಿ ಮನೆಗೆ ಹೋದರು.

"ನಾಳೆ ನಿನ್ನ ಸರದಿ ಕಣೇ! ಈ ಸಲ ಯಾರಪ್ಪ ಬಂದ್ರೂ ಬಿಡಲ್ಲ!"

ಹೆಂಡತಿ ನಂಬಲಿಲ್ಲ. "ಯಾರದ್ದು ಬಿಟ್ಟುಹೋಯ್ತು?"

"ಕಂಡಕ್ಟರ್ ಅಜ್ಜಂದು. ಹೋಗಿಬಿಟ್ರು, ಪಾಪ."

"ಹೋದೋರ ಜಾಗದಲ್ಲಿ ನಾನು ಕೂರೋದಾ?" ಎಂದು ಅವಳು ಹಿಂಜರಿದಳು. ಆದರೆ ಒಳ್ಳೆಯ ಬಟ್ಟೆ ತೆಗೆದಿಟ್ಟಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಗೆಲುವು ಕಂಡಿತು. ಅದನ್ನು ನೋಡಿ ಸಾಹೇಬರಿಗೂ ಖುಷಿಯಾಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಅವರ ಪರವಾಗಿ ಹೇಳುವುದು ಹೆಚ್ಚೇನಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಸುದ್ದಿಯನ್ನು ನರ್ಸಿಗೆ ಹೇಳಿದರು. ನರ್ಸು ಔಷಧಿ ಅಂಗಡಿಯವನಿಗೆ ಹೇಳಿದಳು. ಅವನು ಹೇಳದೆ ಬಿಟ್ಟವರು ಯಾರೂ ಇಲ್ಲ. ಟೈಲರು ಅಳತೊಡಗಿದ, ಏಕೆಂದರೆ ಅಜ್ಜ ಕೊಟ್ಟಿದ್ದ ಪ್ಯಾಂಟು ಹೊಲಿದು ಮುಗಿದು ಅವನಲ್ಲೇ ಇತ್ತು. "ಇನ್ಯಾರು ಹಾಕ್ಕೋಬೇಕು ಇದನ್ನ!" ಎಂದು ಗೋಳಾಡಿ, ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಉತ್ತರವನ್ನೂ ಕಂಡುಕೊಂಡ. ತಾನೇ ಹಾಕಿಕೊಂಡ.

ಮಧ್ಯಾಹ್ನದ ಮೇಲೆ, ಅಜ್ಜನ ಸರದಿಯ ಹೊತ್ತಿಗೆ ಸರಿಯಾಗಿ, ಸಾಹೇಬರು ಕ್ಲಿನಿಕ್ಕಿನ ಹಜಾರದಲ್ಲಿ ಶೋಕಸಭೆ ಇಟ್ಟರು. ಡಾಕ್ಟರಮ್ಮ ಆ ದಿನ ತಮ್ಮ ಕೋಣೆ ಬಿಟ್ಟುಕೊಟ್ಟು ಮನೆಯಲ್ಲಿರುತ್ತಿದ್ದುದರಿಂದ ತಡೆಯುವವರು ಇರಲಿಲ್ಲ. ನೀರಿನ ಆಫೀಸಿನ ಅಧಿಕಾರಿಯೇ ಮುಖ್ಯ ಭಾಷಣಕಾರರು.

"ಬಾಳೆಲ್ಲ ನಮಗೆ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಹೇಳ್ತಾ ಇದ್ದ ಮನುಷ್ಯ," ಎಂದು ಅವರು ಗದ್ಗದರಾದರು, "ಇವತ್ತು ನಮ್ಮನ್ನೆಲ್ಲ ಹಿಂದೆ ಬಿಟ್ಟು ತಾವೇ ಮುಂದೆ ಹೋಗಿಬಿಟ್ರು."

ಕೆಮ್ಮುವವರೂ ಕೆಮ್ಮು ತಡೆದು ಮೂಗು ಒರೆಸಿಕೊಂಡರು. ಎಲ್ಲರೂ ಎದ್ದು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಮೌನವಾಗಿ ನಿಂತರು. ಕೂತಿದ್ದವಳು ಸಾಹೇಬರ ಹೆಂಡತಿಯೊಬ್ಬಳೇ. ಬೀದಿ ನಡೆದು ಬಂದ ಆಯಾಸಕ್ಕೆ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ.

ಆ ಮೌನದ ನಡುವೆ ಬಾಗಿಲು ಕಿರ್ರೆಂದಿತು. ಕೈಯಲ್ಲೊಂದು ಚೀಲ ಹಿಡಿದುಕೊಂಡು, ಮಗಳ ಮನೆಯಿಂದ ನೇರವಾಗಿ, ಕಂಡಕ್ಟರ್ ಅಜ್ಜ ಒಳಗೆ ಬಂದರು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದನ್ನು ನೋಡಿ, ತಿಳಿದ ಮನುಷ್ಯನಾದ್ದರಿಂದ ಚೀಲ ಕೆಳಗಿಟ್ಟು ತಾವೂ ತಲೆ ತಗ್ಗಿಸಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದರು.

"ಯಾರಪ್ಪ ಹೋಗಿದ್ದು?"

"ಕಂಡಕ್ಟರ್ ಅಜ್ಜ," ಎಂದ ಕಣ್ಣು ಮುಚ್ಚಿಕೊಂಡೇ ಪಕ್ಕದವನು. ಅವನು ಟೈಲರು.

"ಛೆ ಛೆ. ಯಾವ ರೂಟಿನವರು?"

"ಮಾರ್ಕೆಟ್ ರೂಟು."

"ಮಾರ್ಕೆಟ್ ರೂಟಲ್ಲಿ ನಾನೇ ಇದ್ದಿದ್ದು. ಇನ್ಯಾರಪ್ಪ ಅದು?" ಅಜ್ಜ ತಲೆ ಕೆರೆದುಕೊಂಡರು. ತಗ್ಗಿಸಿದ ಕಣ್ಣು ಪಕ್ಕದವನ ಕಾಲಿನ ಮೇಲೆ ನಿಂತಿತು. "ಏನಯ್ಯ, ಈ ಪ್ಯಾಂಟು ನಂದಲ್ವಾ?"

ಟೈಲರು ಕಣ್ಣು ಬಿಟ್ಟ. ಮುಂದೆ ಅವನು ಹಾಕಿದ ಕೂಗಿಗೆ ಮೌನಾಚರಣೆ ಅಲ್ಲಿಗೇ ಮುಗಿಯಿತು. ಮಂಡಿನೋವಿನಿಂದ ಕುಂಟುತ್ತಾ ಸಭೆಗೆ ಬಂದಿದ್ದ ಇಬ್ಬರು ಹಾರಿ ಬೀದಿಗೆ ಬಿದ್ದರು. ಅಧಿಕಾರಿ ಮೇಜಿನ ಹಿಂದೆ ಸರಿದು, ಭಾಷಣವನ್ನು ವಾಪಸು ತೆಗೆದುಕೊಂಡಿರುವುದಾಗಿ ಘೋಷಿಸಿದರು. ವಿಷಯ ತಿಳಿದಾಗ ಅಜ್ಜನಿಗೆ ಸಿಟ್ಟು ನೆತ್ತಿಗೇರಿತು.

"ನಾನು ಸತ್ತೆ ಅಂತ ಯಾವನಯ್ಯ ಹೇಳಿದ್ದು?"

"ಸತ್ತಿರಿ ಅಂತ ಯಾರೂ ಹೇಳಿಲ್ಲ ಅಜ್ಜ. ಹೋದಿರಿ ಅಂದ್ರು ಅಷ್ಟೇ," ಎಂದರು ಸಾಹೇಬರು.

"ಹೋದೋನು ಬಂದಿದ್ದೀನಿ! ನನ್ನ ಸೀಟೆಲ್ಲಿ?"

ಒಳಗಿನಿಂದ ನರ್ಸು ಇಣುಕಿದಳು. "ಕೊನೇ ಸರದಿ. ಒಬ್ಬರೇ ಬನ್ನಿ. ಡಾಕ್ಟರ ರೈಲಿಗೆ ಹೊತ್ತಾಯ್ತು."

ಹಜಾರವೆಲ್ಲ ಒಮ್ಮೆ ಅಜ್ಜನನ್ನೂ ಒಮ್ಮೆ ಸಾಹೇಬರ ಹೆಂಡತಿಯನ್ನೂ ನೋಡಿತು. ಸಾಹೇಬರು ಒಳಗೆ ಹೋಗಿ ಆ ದೊಡ್ಡ ಡಾಕ್ಟರ ಕೈಕಾಲು ಹಿಡಿಯಬಹುದಿತ್ತು. ತಪ್ಪು ನನ್ನದು, ಇಬ್ಬರನ್ನೂ ನೋಡಿ ಎನ್ನಬಹುದಿತ್ತು. ಆದರೆ ಮುಖ್ಯಸ್ಥರ ಬಾಯಿಂದ 'ತಪ್ಪು ನನ್ನದು' ಎಂಬ ಮಾತು ಹೊರಡುವುದು ಸುಲಭವೇ? ಅದು ಗಂಟಲಿನಲ್ಲೇ ಸರದಿ ಕಾಯುತ್ತಾ ನಿಂತಿತು. ಅಷ್ಟರಲ್ಲಿ ಹೆಂಡತಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದಳು.

"ನೀವು ಹೋಗಿ ಅಜ್ಜ. ಸರದಿ ನಿಮ್ಮದು," ಎಂದಳು.

ಸಾಹೇಬರು ಬಾಯಿ ಬಿಟ್ಟರು. ಹೊರಬಂದ ಮಾತು ಇದು: "ನೋಡಿದ್ರಾ ಎಲ್ಲರೂ? ನಮ್ಮ ವಿಭಾಗದಲ್ಲಿ ಸ್ವಂತದವರು ಅಂತ ಪಕ್ಷಪಾತ ಇಲ್ಲ!"

ಅಧಿಕಾರಿ ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ. ಅಜ್ಜ ಒಳಗೆ ಹೋಗುವಾಗ ಒಮ್ಮೆ ತಿರುಗಿ ಅವಳನ್ನು ನೋಡಿದರು. ಜೀವಮಾನವೆಲ್ಲ ತುಂಬಿದ ಬಸ್ಸಿನಲ್ಲಿ ಯಾರಿಗೆ ಸೀಟು ಬೇಕೇಬೇಕು ಎಂದು ನೋಡಿದವರು ಅವರು. ಆದರೆ ಆಗ ಸಿಟ್ಟಿನಲ್ಲಿದ್ದರು.

ಸಾಹೇಬರು ಹೆಂಡತಿಯನ್ನು ಬಾಗಿಲ ತನಕ ಕಳಿಸಿಕೊಟ್ಟರು. "ಮುಂದಿನ ತಿಂಗಳು ಖಂಡಿತ ಕಣೇ. ಮೊದಲನೇ ಸರದಿನೇ ನಿಂದು. ನೀನೆಲ್ಲಿ ಹೋಗ್ತೀಯ?"

ಅವಳು ಬೀದಿಗಿಳಿದಳು. ಔಷಧಿ ಅಂಗಡಿಯ ಗೋಡೆ ಹಿಡಿದು ಒಮ್ಮೆ, ಟೈಲರ ಅಂಗಡಿಯ ಕಂಬ ಹಿಡಿದು ಒಮ್ಮೆ ನಿಂತು, ಒಬ್ಬಳೇ ಮನೆ ಸೇರಿದಳು.

ಮರುದಿನ ಡಾಕ್ಟರಮ್ಮ ಸಾಹೇಬರನ್ನು ಕರೆಸಿ ನೀರಿಳಿಸಿದರು. "ಫೋನಲ್ಲಿ ಬಿಡಿಸಿ ಕೇಳೋಕೆ ಬರಲ್ವೇನ್ರೀ ನಿಮಗೆ?" ಎಂದರು. ಬಿಡಿಸಿ ಕೇಳುವುದೆಂದರೆ ಹೇಗೆ ಎಂದು ಸಾಹೇಬರು ಯೋಚಿಸಿ ಯೋಚಿಸಿ ಒಂದು ಪ್ರಶ್ನೆ ತಯಾರಿಸಿದರು. ಆಮೇಲೆ ಯಾವ ಮನೆಯವರು 'ಹೋಗಿದ್ದಾರೆ' ಎಂದರೂ ಅದನ್ನು ಪ್ರಯೋಗಿಸತೊಡಗಿದರು.

"ಹೋಗಿದ್ದಾರೆ ಅಂದ್ರೆ ವಾಪಸ್ ಬರೋ ಹಾಗೆ ಹೋಗಿದ್ದಾರೋ, ಬರದೇ ಇರೋ ಹಾಗೆ ಹೋಗಿದ್ದಾರೋ?"

ತರಕಾರಿಗೆ ಹೋಗಿದ್ದ ಒಬ್ಬಾಕೆಯ ಮಗ ಇದನ್ನು ಕೇಳಿ ನೇರವಾಗಿ ಕ್ಲಿನಿಕ್ಕಿಗೇ ಬಂದು ಸಾಹೇಬರ ಅಂಗಿಯ ಪಟ್ಟಿ ಹಿಡಿದ. ಇನ್ನೊಂದು ಮನೆಯಲ್ಲಿ ಗಂಡ ಜಗಳವಾಡಿ ಎದ್ದುಹೋಗಿದ್ದ. ಆ ಹೆಂಗಸು, "ಅದನ್ನೇ ನಾನೂ ಕಾಯ್ತಾ ಇದ್ದೀನಪ್ಪ" ಎಂದು ಫೋನಿನಲ್ಲೇ ಅಳತೊಡಗಿದಳು. ಬೀದಿಗೆ ಇದೊಂದು ಆಟವಾಯಿತು. ಚಹಾದಂಗಡಿಯಲ್ಲಿ ಯಾರಾದರೂ ಎದ್ದರೆ ಸಾಕು, "ಬರೋ ಹಾಗೋ, ಬರದೇ ಇರೋ ಹಾಗೋ?" ಎಂದು ನಾಲ್ಕು ಗಂಟಲು ಒಟ್ಟಿಗೆ ಕೇಳುತ್ತಿದ್ದವು. ಸಾಹೇಬರ ಹೆಂಡತಿಯ ಕಿವಿಗೂ ಅದು ಬೀಳುತ್ತಿತ್ತು. ಅವಳು ನಗಲಿಲ್ಲ, ನಗುವುದಕ್ಕೂ ಉಸಿರು ಬೇಕು.

ಮುಂದಿನ ತಿಂಗಳು ಹತ್ತಿರ ಬಂತು. ಮೊದಲನೆಯ ಸರದಿ ಹೆಂಡತಿಯದೇ ಎಂದು ಸಾಹೇಬರು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡರು. ಹಿಂದಿನ ದಿನ ಅಧಿಕಾರಿ ತಮ್ಮ ಮೇಲಧಿಕಾರಿಯನ್ನು ಕರೆತಂದರು. ಮೇಲಧಿಕಾರಿ ಫಲಕ ಓದಿ, "ಓಹೋ, ದೊಡ್ಡ ವಿಭಾಗ," ಎಂದರು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಹೆಂಡತಿಯ ಮುಖ ನೆನೆದರು. ಕಣ್ಣು ತೆರೆದಾಗ ಮೇಲಧಿಕಾರಿಯ ಹೆಸರು ಮೊದಲನೆಯ ಸರದಿಯಲ್ಲಿ ಬರೆದಾಗಿತ್ತು. ಕೈ ಹೇಗೆ ಆಡಿತೋ ಅವರಿಗೇ ತಿಳಿಯಲಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಹೋದಾಗ ಇದನ್ನು ಹೇಳಿದರು. "ನೀನು ಮನೆಯವಳು..." ಎಂದು ಶುರುಮಾಡಿದರು.

"ಗೊತ್ತು," ಎಂದಳು ಹೆಂಡತಿ. "ನಾನೆಲ್ಲಿ ಹೋಗ್ತೀನಿ."

ಅಂದು ಸಂಜೆ ಮೇಜಿನ ಮೇಲಿನ ಫೋನು ರಿಂಗಣಿಸಿತು. ಸಾಹೇಬರು ಎತ್ತಿ, "ಸರದಿ ವಿಭಾಗ" ಎಂದರು. ಆ ಕಡೆ ಟೈಲರು. ಹಿಂದೆ ಹೊಲಿಗೆ ಯಂತ್ರದ ಸದ್ದಿಲ್ಲ.

"ಸಾಹೇಬ್ರೇ, ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ನಿಮ್ಮನೆಯವರು... ಹೋಗಿಬಿಟ್ರು."

ಕೇಳಬೇಕಾದ ಪ್ರಶ್ನೆಯನ್ನು ತಯಾರಿಸಿದವರೇ ಸಾಹೇಬರು. ಆದರೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಕುರ್ಚಿಯ ಕುಂಟುಕಾಲು ಕೊನೆಗೂ ಮುರಿಯಿತು. ಸಾಹೇಬರು ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಎದೆ ಹೊಡೆದುಕೊಂಡು, "ಅಯ್ಯೋ, ಕೊಂದುಬಿಟ್ಟೆನಲ್ಲೇ! ನಾನೇ ನಿನ್ನ ಕೊಂದುಬಿಟ್ಟೆನಲ್ಲೇ!" ಎಂದು ಕೂಗಿದರು. ಆಮೇಲೆ ಬರಿಗಾಲಲ್ಲಿ ಬೀದಿಗೆ ಓಡಿದರು. ಗುಳಿಗೆ ಬರೆಸಿಕೊಳ್ಳಲು ಬಂದಿದ್ದ ಕಂಡಕ್ಟರ್ ಅಜ್ಜ ಅವರ ಹಿಂದೆ ಓಡಿದರು. ಅಜ್ಜನ ಹಿಂದೆ ನರ್ಸು, ನರ್ಸಿನ ಹಿಂದೆ ಕಾಯುತ್ತಿದ್ದವರೆಲ್ಲ. ಅಷ್ಟು ರೋಗಿಗಳು ಅಷ್ಟು ಜೋರಾಗಿ ಓಡಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

ಮನೆಗೆ ಬೀಗ ಹಾಕಿತ್ತು.

ಸಾಹೇಬರು ಬೀಗವನ್ನು ನೋಡಿದರು. ಹೆಣವಿರುವ ಮನೆಗೆ ಯಾರೂ ಹೊರಗಿನಿಂದ ಬೀಗ ಹಾಕುವುದಿಲ್ಲ ಎಂಬುದು ಅವರಿಗೆ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಟೈಲರು ಪಕ್ಕದಲ್ಲಿ ಕೀಲಿ ಹಿಡಿದುಕೊಂಡು ನಿಂತಿದ್ದ.

"ತಂಗಿ ಊರಿಗಂತೆ ಸಾಹೇಬ್ರೇ. ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ತಂಗಿ ಯಾವತ್ತೋ ಅಪಾಯಿಂಟ್‌ಮೆಂಟ್ ತಗೊಂಡಿದ್ದಳಂತೆ. ಬಟ್ಟೆಬರೆ ಎಲ್ಲ ಪೆಟ್ಟಿಗೆಗೆ ಹಾಕ್ಕೊಂಡಿದ್ರು. ಬಸ್ ಸ್ಟ್ಯಾಂಡ್ ತನಕ ನಾನೇ ಪೆಟ್ಟಿಗೆ ಹೊತ್ತುಕೊಟ್ಟೆ."

"ಬದುಕಿದ್ದಾಳಾ?" ಎಂದರು ಸಾಹೇಬರು. "ಬದುಕಿದ್ದಾಳೆ! ಲೇ, ಬದುಕಿದ್ದಾಳೆ ಕಣ್ರೋ!" ಟೈಲರನ್ನು ತಬ್ಬಿಕೊಂಡು, ಬೀದಿಯ ನಡುವೆ ಅತ್ತು, ನಕ್ಕು, ಮೂಗು ಸುರಿಸಿದರು. ಜನರೂ ನಕ್ಕರು. ಕಂಡಕ್ಟರ್ ಅಜ್ಜ ಮಾತ್ರ ನಗಲಿಲ್ಲ.

"ಬಟ್ಟೆಬರೆ ಎಲ್ಲ ಅಂದೆಯಲ್ಲಪ್ಪ," ಎಂದು ಟೈಲರನ್ನು ಮೆಲ್ಲಗೆ ಕೇಳಿದರು. "ವಾಪಸ್ ಬರೋ ಹಾಗೆ ಹೋದ್ರೋ, ಬರದೇ ಇರೋ ಹಾಗೆ ಹೋದ್ರೋ?"

ಈ ಸಲ ಯಾರೂ ನಗಲಿಲ್ಲ. ಸಾಹೇಬರ ಕೈ ಟೈಲರ ಭುಜದ ಮೇಲೇ ಉಳಿಯಿತು.

"ಹೋಗುವಾಗ ಏನಂದಳು?" ಎಂದು ಕೇಳಿದರು. "ಕೀಲಿ ಕೊಡುವಾಗ, ಬಸ್ಸು ಹತ್ತುವಾಗ ಏನಾದ್ರೂ ಅಂದೇ ಅಂದಿರ್ತಾಳೆ. ಬರ್ತೀನಿ ಅಂದಳಾ, ಹೋಗ್ತೀನಿ ಅಂದಳಾ?"

ಟೈಲರು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ನೋಡಿದ. "ಏನೋ ಅಂದ್ರು ಸಾಹೇಬ್ರೇ. ಡ್ರೈವರು ಹಾರ್ನ್ ಹೊಡೀತಿದ್ದ. ಕೇಳಿಸಲಿಲ್ಲ."

ಹೆಂಡತಿಯ ತಂಗಿಯ ಮನೆಯಲ್ಲಿ ಫೋನಿತ್ತು. ಸಾಹೇಬರು ಅಂದೇ ಮಾಡಿದರು. "ಅಕ್ಕ ಮಲಗಿದ್ದಾಳೆ. ನಾಳೆ ಮಾಡಿ ಭಾವ," ಎಂದಳು ನಾದಿನಿ. ಮರುದಿನ ಮಾಡಿದರು. "ಆಸ್ಪತ್ರೆಗೆ ಹೋಗಿದ್ದಾಳೆ, ಇನ್ನೆರಡು ದಿನ ಬಿಟ್ಟು ನೋಡಿ." ಎರಡು ದಿನ ಬಿಟ್ಟು ಮಾಡಿದರು. "ಈಗ ಆಗಲ್ಲ ಭಾವ. ನಾನೇ ಹೇಳ್ತೀನಿ, ಕಾಯ್ತಾ ಇರಿ." ಈ ಮಾತುಗಳನ್ನೆಲ್ಲ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಸಾಹೇಬರಿಗೆ ಅನಿಸಿತು. ಹೌದು, ಇವು ಅವರವೇ ಮಾತು, ಸ್ವರವೂ ಅವರದೇ. ಕೂರಲು ಈಗ ಮೂರು ಕಾಲಿನ ಸ್ಟೂಲು. ಅದರ ಮೇಲೆ ಕೂತು ಕಾದರು. ಯಾರು ಸಾಹೇಬರೇ ಎಂದರೂ ತಲೆ ಎತ್ತದೆ ಹೆಸರು ಬರೆದುಕೊಂಡರು, ಬಂದವರನ್ನು ಬಂದ ಸಾಲಿನಲ್ಲೇ ಕೂರಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು. ಅದಕ್ಕೂ ಸರದಿ ಇರುತ್ತದೆ.

ಒಂದು ಮಧ್ಯಾಹ್ನ, ಹಜಾರ ತುಂಬಿರುವಾಗ, ಫೋನು ರಿಂಗಣಿಸಿತು. ಸಾಹೇಬರು ವಿಭಾಗ ಗಿಭಾಗ ಎನ್ನದೆ "ಹಲೋ" ಎಂದರು.

"ನಾನು," ಎಂದಳು ಹೆಂಡತಿ.

ಮೊದಲ ಬೆಂಚಿನಲ್ಲಿದ್ದ ಕಂಡಕ್ಟರ್ ಅಜ್ಜ ಕೈಯೆತ್ತಿದರು. ಬಸ್ಸು ನಿಂತ ಹಾಗೆ ಹಜಾರದ ಗದ್ದಲ ನಿಂತಿತು.

"ಹೇಗಿದ್ದೀಯೇ?"

"ಹೃದಯದ ಒಂದು ಕವಾಟ ಕೆಟ್ಟಿದೆಯಂತೆ. ಆಪರೇಷನ್ ಮಾಡ್ತಾರಂತೆ ನಾಡಿದ್ದು." ಅವಳು ನಡುವೆ ಉಸಿರು ತೆಗೆದುಕೊಂಡಳು. "ಇಷ್ಟು ದಿನ ಯಾಕೆ ಬಿಟ್ಟುಕೊಂಡ್ರಿ ಅಂತ ಇಲ್ಲಿ ಡಾಕ್ಟರು ಬೈದ್ರು. ಸರದಿ ಬಂದಿರಲಿಲ್ಲ ಅಂದೆ."

ಗಂಟಲಿನಲ್ಲಿ ಅಷ್ಟು ಕಾಲ ಕಾದು ನಿಂತಿದ್ದ ಮಾತು ಹೊರಬಂತು. "ತಪ್ಪು ನಂದು ಕಣೇ," ಎಂದರು ಸಾಹೇಬರು, ತುಂಬಿದ ಹಜಾರದ ಎದುರು, ಎಲ್ಲರಿಗೂ ಕೇಳುವಂತೆ. "ನಾನು ಬರ್ಲಾ?"

"ಬೇಡ. ಇಲ್ಲಿ ಜೊತೆಗೆ ಒಬ್ಬರನ್ನೇ ಬಿಡೋದು. ತಂಗಿ ಇದ್ದಾಳೆ."

"ಆಮೇಲೆ? ಎಲ್ಲ ಆದ ಮೇಲೆ?"

ಆ ಕಡೆ ಏದುಸಿರು ಮಾತ್ರ ಕೇಳಿಸುತ್ತಿತ್ತು. ಸಾಹೇಬರು ಫೋನನ್ನು ಕಿವಿಗೆ ಒತ್ತಿಕೊಂಡರು. ಯಾರೇ ಆಗಲಿ ಮಾತು ಮುಗಿಸುವಾಗ ಎರಡರಲ್ಲಿ ಒಂದನ್ನು ಹೇಳಲೇಬೇಕು, ಮತ್ತು ಯಾವುದನ್ನು ಹೇಳಬಾರದೆಂದು ದಿನವೂ ಬಾಗಿಲಲ್ಲಿ ನಿಂತು ಕಲಿಸಿದವಳು ಅವಳೇ.

"ಸರಿ," ಎಂದಳು ಅವಳು. "ಇಡ್ತೀನಿ."

ಫೋನು ಕಟ್ ಆಯಿತು. ಹಜಾರವೆಲ್ಲ ಸಾಹೇಬರ ಮುಖವನ್ನೇ ನೋಡುತ್ತಿತ್ತು. ಕಂಡಕ್ಟರ್ ಅಜ್ಜ ಎದ್ದು ಮೇಜಿನ ಹತ್ತಿರ ಬಂದರು.

"ಏನಂದ್ರು?"

"ಇಡ್ತೀನಿ ಅಂದಳು ಅಜ್ಜ."

ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ಯೋಚಿಸಿದರು. ಅದು ಈ ಕಡೆಗೂ ಸೇರುವುದಿಲ್ಲ, ಆ ಕಡೆಗೂ ಸೇರುವುದಿಲ್ಲ. ಕೊನೆಗೆ ಸಾಹೇಬರ ಕೈ ಮೇಲೆ ಕೈಯಿಟ್ಟು, "ಹೋಗ್ತೀನಿ ಅನ್ಲಿಲ್ಲವಲ್ಲಪ್ಪ," ಎಂದರು.

ಸಾಹೇಬರು ತಲೆಯಾಡಿಸಿದರು. ಅವರು ಇನ್ನೂ ಫೋನು ಇಟ್ಟಿರಲಿಲ್ಲ.